ಅಂತರ್ಜಾಲದಲ್ಲಿ ಕ್ರೀಡಾ ಸ್ಮರಣಿಕೆಗಳ ಖರೀದಿ: ಲಾಭದ ಬೆರಗು, ಮೋಸದ ಬರೆ

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ರಟ್ಟಿನ ಕಾರ್ಡು 2000ನೇ ಇಸವಿಯ ಜುಲೈ ತಿಂಗಳಲ್ಲಿ ಇಬೇ ಜಾಲತಾಣದ ಹರಾಜಿನಲ್ಲಿ 12,65,000 ಡಾಲರಿಗೆ ಮಾರಾಟವಾಯಿತು. ಅಮೆರಿಕನ್ ಟೊಬ್ಯಾಕೊ ಕಂಪನಿಯು 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣಗಳಲ್ಲಿ ಇಟ್ಟು ಹಂಚುತ್ತಿದ್ದ ಬೇಸ್‌ಬಾಲ್ ಆಟಗಾರರ ಚಿತ್ರಗಳಲ್ಲಿ ಅದೂ ಒಂದು. ಪಿಟ್ಸ್‌ಬರ್ಗ್ ತಂಡದ ಹೋನಸ್ ವಾಗ್ನರ್ ಅವರ ಚಿತ್ರವಿದ್ದ ಕಾರ್ಡಿನ ಮುದ್ರಣ ನಡುವೆಯೇ ನಿಂತುಹೋದ ಕಾರಣ ಉಳಿದಿರುವ ಪ್ರತಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲೆಲ್ಲ ಅಂಚು ಸವೆಯದೆ, ಮೂಲೆ ಮುರಿಯದೆ ಉಳಿದದ್ದು ಇದೇ ಎಂಬ ಖ್ಯಾತಿ ಇದಕ್ಕಿತ್ತು. ಐಸ್ ಹಾಕಿ ಆಟಗಾರ ವೇನ್ ಗ್ರೆಟ್ಸ್‌ಕಿ ಮತ್ತು ಅವರ ಪಾಲುದಾರ ಬ್ರೂಸ್ ಮೆಕ್ನಾಲ್ 1991ರಲ್ಲಿ ಇದನ್ನು 4,51,000 ಡಾಲರಿಗೆ ಕೊಂಡಿದ್ದರು. 2007ರಲ್ಲಿ ಇದೇ ಕಾರ್ಡು ಎರಡು ಬಾರಿ ಕೈಬದಲಾಯಿಸಿ, ಕೊನೆಗೆ 28 ಲಕ್ಷ ಡಾಲರಿಗೆ ನಿಂತಿತು.

ಆರು ವರ್ಷಗಳ ಬಳಿಕ, 2013ರಲ್ಲಿ, ಸ್ಮರಣಿಕೆಗಳ ಹರಾಜು ವ್ಯಾಪಾರದ ದೊರೆಯೆನಿಸಿದ್ದ ಬಿಲ್ ಮಾಸ್ಟ್ರೊ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಬಹಳ ಹಿಂದೆ ಈ ಕಾರ್ಡನ್ನು ಮಾರುವ ಮುನ್ನ ಅದರ ಅಂಚುಗಳನ್ನು ತಾವೇ ಕತ್ತರಿಸಿ ನೇರ್ಪುಗೊಳಿಸಿದ್ದಾಗಿ ಅವರು ಒಪ್ಪಿದರು. ಕಾರ್ಡುಗಳ ಗುಣಮಟ್ಟ ನಿರ್ಣಯಿಸುವ ಪಿಎಸ್‌ಎ ಸಂಸ್ಥೆಯು ಒಂದನೇ ಕ್ರಮಸಂಖ್ಯೆ ಕೊಟ್ಟು, ಹತ್ತರಲ್ಲಿ ಎಂಟು ಅಂಕ ನೀಡಿದ್ದು ಇದೇ ಕಾರ್ಡಿಗೆ. ಒರೆಗಲ್ಲಿನ ಮೇಲೆ ಉಜ್ಜಿದ ಮೊದಲ ಒಡವೆಯೇ ಕಲಬೆರಕೆಯದಾಗಿದ್ದರೆ ಅಕ್ಕಸಾಲೆಯ ಗತಿ ಏನಾದೀತೋ, ಆ ಸಂಸ್ಥೆಯ ಗತಿಯೂ ಅದೇ ಆಯಿತು. ಮಾಸ್ಟ್ರೊ ಅವರಿಗೆ 2015ರಲ್ಲಿ 20 ತಿಂಗಳ ಸೆರೆವಾಸದ ಶಿಕ್ಷೆಯಾಯಿತು.

ಅವರ ಮೇಲಿದ್ದ ಆರೋಪದಲ್ಲಿ ವರ್ತಕರು ವಿಶೇಷವಾಗಿ ಗಮನಿಸತಕ್ಕ ಇನ್ನೊಂದು ಅಂಶವಿದೆ. ತಮ್ಮ ಸಂಸ್ಥೆಯ ಹರಾಜುಗಳಲ್ಲಿ ಸುಳ್ಳು ಸವಾಲುಗಳನ್ನು ಕೂಗಿಸಿ ಬೆಲೆ ಏರಿಸುತ್ತಿದ್ದುದನ್ನೂ ಅವರು ಒಪ್ಪಿಕೊಂಡರು. ಮಂಡಿಯಲ್ಲಿ ಅಡಿಕೆ, ಮೆಣಸಿನಕಾಯಿಯ ಹರಾಜು ಕಂಡವರಿಗೆ ಈ ತಂತ್ರ ಹೊಸದಲ್ಲ. ಆದರೆ ಮಂಡಿಯಲ್ಲಿ ಸವಾಲು ಕೂಗುವವನ ಮುಖ ಎಲ್ಲರಿಗೂ ಕಾಣುತ್ತದೆ. ಗಣಕಯಂತ್ರದ ಪರದೆಯ ಮೇಲೆ ಕಾಣುವುದು ಒಂದು ಅಡ್ಡಹೆಸರು ಮಾತ್ರ. ನಮ್ಮ ದೇಶದ ಸರಕು ಮಾರಾಟ ಅಧಿನಿಯಮ, 1930ರ 64ನೇ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಬೆಲೆ ಏರಿಸಲೆಂದು ಮಾರುವವನು ನಟನೆಯ ಸವಾಲು ಮಾಡಿಸಿದರೆ ಕೊಂಡವನು ಆ ಮಾರಾಟವನ್ನು ರದ್ದುಪಡಿಸಬಹುದು. ಅದನ್ನು ಸಾಬೀತುಪಡಿಸುವುದು ಹೇಗೆಂಬುದು ಬೇರೆಯೇ ಮಾತು.

ನಕಲಿ ರುಜುಗಳ ಕಾರ್ಖಾನೆ

ಕತ್ತರಿಸಿದ ಕಾರ್ಡಿನಲ್ಲಿ ಕಾರ್ಡಾದರೂ ಅಸಲಿಯಾಗಿತ್ತು. ಹಸ್ತಾಕ್ಷರದ ವ್ಯಾಪಾರದಲ್ಲಿ ಆ ಸಮಾಧಾನವೂ ಇಲ್ಲ. ಅಮೆರಿಕದ ಕೇಂದ್ರ ತನಿಖಾ ದಳ ಎಫ್‌ಬಿಐ 1990ರ ದಶಕದ ನಡುವೆ ಷಿಕಾಗೊದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಅವರ ನಕಲಿ ರುಜುಗಳ ಜಾಡು ಹಿಡಿದು ಹೊರಟಿತು. ಆ ಜಾಡು ಕ್ಯಾಲಿಫೋರ್ನಿಯಾಕ್ಕೆ ತಲಪಿದಾಗ ತನಿಖೆಗೆ 'ಆಪರೇಷನ್ ಬುಲ್‌ಪೆನ್' ಎಂಬ ಹೆಸರು ಬಂದಿತು. ಸ್ಯಾನ್ ಡಿಯಾಗೊ ತಂಡದ ಟೋನಿ ಗ್ವಿನ್ ತಮ್ಮದೇ ತಂಡದ ಅಂಗಡಿಯಲ್ಲಿ ತಮ್ಮ ರುಜುವಿರುವ ಚೆಂಡುಗಳನ್ನು ಕಂಡು, ಇದು ತಮ್ಮ ಕೈಬರಹವಲ್ಲವೆಂದು ತಿಳಿಸಿದ್ದರು. ಜಪಾನಿಗೆ ರಫ್ತು ಮಾಡುವ ಕಂಪನಿಯೊಂದರ ಸೋಗು ಹಾಕಿ ಅಧಿಕಾರಿಗಳು ನಕಲಿ ಮಾಲಿನ ಗಿರಾಕಿಗಳಾದರು. 1999ರ ಅಕ್ಟೋಬರಿನಲ್ಲಿ ಹಲವು ರಾಜ್ಯಗಳಲ್ಲಿ ಏಕಕಾಲಕ್ಕೆ ಶೋಧ ನಡೆಯಿತು. ಅಂತಿಮವಾಗಿ 60ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು.

ಆ ಜಾಲದ ವ್ಯವಸ್ಥೆ ಒಂದು ಸಣ್ಣ ಕೈಗಾರಿಕೆಯಂತೆಯೇ ಇತ್ತು. ರುಜು ಹಾಕುವವನು ಒಬ್ಬ, ಹಳೆಯ ಚೆಂಡು ಹುಡುಕಿ ತರುವವನು ಇನ್ನೊಬ್ಬ, ಅರಗಿನ ಲೇಪ ಕೊಟ್ಟು ಅದಕ್ಕೆ ವಯಸ್ಸು ತರಿಸುವವನು ಮತ್ತೊಬ್ಬ, ಸಗಟಾಗಿ ಸಾಗಿಸುವವರು ಹಲವರು. ಪ್ರತಿ ವಸ್ತುವಿನ ಜೊತೆಗೂ ಅಂದವಾಗಿ ಮುದ್ರಿಸಿದ ಪ್ರಮಾಣಪತ್ರವಿರುತ್ತಿತ್ತು. ವಶಪಡಿಸಿಕೊಂಡ ಮಾಲಿನಲ್ಲಿ ಮದರ್ ತೆರೇಸಾ ಅವರ 'ಹಸ್ತಾಕ್ಷರ'ವಿದ್ದ ಬೇಸ್‌ಬಾಲ್ ಚೆಂಡು ಸಹ ಸಿಕ್ಕಿತು. ಕೋಲ್ಕತ್ತದ ಆ ತಾಯಿ ಬೇಸ್‌ಬಾಲ್ ಚೆಂಡಿಗೆ ರುಜು ಹಾಕುತ್ತ ಕುಳಿತಿದ್ದರೇ ಎಂದು ಕೊಳ್ಳುವವರು ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು. ಆ ಕಾಲದಲ್ಲಿ ಮಾರುಕಟ್ಟೆಯಲ್ಲಿದ್ದ ರುಜುವುಳ್ಳ ಕ್ರೀಡಾ ಸ್ಮರಣಿಕೆಗಳಲ್ಲಿ ಅರ್ಧಕ್ಕೂ ಮಿಕ್ಕಿ ನಕಲಿಯಿರಬಹುದೆಂಬ ವ್ಯಾಪಾರಿ ವಲಯದ ಅಂದಾಜನ್ನು ಎಫ್‌ಬಿಐ ಉಲ್ಲೇಖಿಸಿತ್ತು.

ಇಂತಹ ಮಾರುಕಟ್ಟೆಯಲ್ಲಿ ಪ್ರಾಮಾಣಿಕ ವರ್ತಕನೇ ಮೊದಲು ಸೋಲುತ್ತಾನೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರ ತಮ್ಮ ಪ್ರಬಂಧದಲ್ಲಿ ಹಳೆಯ ಕಾರುಗಳ ಸಂತೆಯನ್ನು ಉದಾಹರಿಸಿ ಇದನ್ನೇ ವಿವರಿಸಿದ್ದರು. ಸರಕಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ನಕಲಿಯ ಭಯಕ್ಕೆ ತಕ್ಕಂತೆ ಎಲ್ಲಕ್ಕೂ ಬೆಲೆ ತಗ್ಗಿಸಿ ಕೇಳುತ್ತಾನೆ. ಆ ಬೆಲೆಗೆ ಅಸಲಿ ಸರಕನ್ನು ತರುವುದು ಯಾರಿಗೂ ಗಿಟ್ಟುವುದಿಲ್ಲ. ಕಡೆಗೆ ಸಂತೆಯಲ್ಲಿ ಉಳಿಯುವುದು ಕಳಪೆ ಮಾಲು ಮಾತ್ರ. ಈ ವಿಚಾರಕ್ಕಾಗಿ ಅವರು 2001ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು.

ಅದೇ 2001ರಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ತನ್ನದೇ ದೃಢೀಕರಣ ಪದ್ಧತಿಯನ್ನು ಜಾರಿಗೆ ತಂದಿತು. ಪಂದ್ಯ ನಡೆಯುವಾಗಲೇ ಮೈದಾನದಲ್ಲಿ ಒಬ್ಬ ಸಾಕ್ಷಿದಾರ ಹಾಜರಿರುತ್ತಾನೆ. ಆಟದಿಂದ ಹೊರಬಂದ ಚೆಂಡು, ಮುರಿದ ದಾಂಡು, ಸಹಿ ಹಾಕಿದ ಅಂಗಿ ಯಾವುದೇ ಇರಲಿ, ಕಣ್ಣಾರೆ ಕಂಡದ್ದಕ್ಕೆ ಮಾತ್ರ ಸಂಖ್ಯೆಯುಳ್ಳ ಹೊಲೊಗ್ರಾಂ ಚೀಟಿ ಅಂಟಿಸುತ್ತಾನೆ. ಹತ್ತು ವರ್ಷದ ನಂತರ ಯಾರೋ ತಜ್ಞರು ರುಜುವಿನ ಬಾಗು ಬಳುಕು ನೋಡಿ ಅಭಿಪ್ರಾಯ ಕೊಡುವುದಕ್ಕೂ ಇದಕ್ಕೂ ಅಜಗಜಾಂತರವಿದೆ. ಆದರೂ ಚೀಟಿಯೊಂದನ್ನೇ ನಂಬುವಂತಿಲ್ಲ. 2025ರ ಜುಲೈಯಲ್ಲಿ ಇಂಡಿಯಾನಾ ರಾಜ್ಯದ ವೆಸ್ಟ್‌ಫೀಲ್ಡ್ ಪಟ್ಟಣದಲ್ಲಿ ಪೊಲೀಸರು ಸ್ಮರಣಿಕೆ ವ್ಯಾಪಾರಿಯೊಬ್ಬನ ಮಳಿಗೆಯನ್ನು ಶೋಧಿಸಿದರು. ಲಕ್ಷಾಂತರ ನಕಲಿ ವಸ್ತುಗಳನ್ನು, ಹೆಸರಾಂತ ಸಂಸ್ಥೆಗಳ ಹೊಲೊಗ್ರಾಂಗಳ ನಕಲುಗಳನ್ನೂ ಸೇರಿಸಿ, ಮಾರಿದ್ದಾಗಿ ಆತ ಬರೆದುಕೊಂಡಿದ್ದ. ಆ ಹೇಳಿಕೆಯಲ್ಲಿ ಎಷ್ಟು ಪಾಲು ನಿಜವಿದ್ದರೂ ಅದು ಸಂಗ್ರಾಹಕರ ನಿದ್ದೆ ಕೆಡಿಸಲು ಸಾಕು. ಚೀಟಿಯ ಸಂಖ್ಯೆಯನ್ನು ಕೊಟ್ಟ ಸಂಸ್ಥೆಯ ತಾಣದಲ್ಲಿಯೇ ಹುಡುಕಿ, ಅಲ್ಲಿ ದಾಖಲಾದ ವಿವರವು ಕೈಯಲ್ಲಿರುವ ವಸ್ತುವಿನದೇ ಹೌದೇ ಎಂದು ತಾಳೆ ನೋಡಬೇಕಾಗುತ್ತದೆ.

ಕಾಲವೇ ಹೇಳುವ ಸಾಕ್ಷಿ

ತಜ್ಞರ ಸಹಾಯವಿಲ್ಲದೆಯೂ ಹಿಡಿಯಬಹುದಾದ ನಕಲಿಗಳು ಅನೇಕ. ಬೇಬ್ ರೂತ್ ತೀರಿಕೊಂಡದ್ದು 1948ರಲ್ಲಿ. ಅಮೆರಿಕನ್ ಲೀಗಿನ ಅಧಿಕೃತ ಚೆಂಡುಗಳ ಮೇಲೆ ಆಯಾ ಕಾಲದ ಲೀಗ್ ಅಧ್ಯಕ್ಷರ ಹೆಸರು ಅಚ್ಚಾಗಿರುತ್ತಿತ್ತು. ಜೋ ಕ್ರೋನಿನ್ ಅಧ್ಯಕ್ಷರಾದದ್ದು 1959ರಲ್ಲಿ. ಕ್ರೋನಿನ್ ಹೆಸರಿರುವ ಚೆಂಡಿನ ಮೇಲೆ ರೂತ್ ಅವರ ರುಜು ಕಂಡರೆ ಮುಂದೆ ಏನನ್ನೂ ಪರಿಶೀಲಿಸಬೇಕಾಗಿಲ್ಲ. 1964ರಲ್ಲಿ ಮಾರುಕಟ್ಟೆಗೆ ಬಂದ ಶಾರ್ಪಿ ಲೇಖನಿಯ ಗೆರೆಯೂ ಹೀಗೆಯೇ ಗುಟ್ಟು ಬಿಟ್ಟುಕೊಡುತ್ತದೆ.

ಕ್ರಿಕೆಟ್ಟಿಗೂ ಇದೇ ಪಂಚಾಂಗ ಅನ್ವಯಿಸುತ್ತದೆ. 1983ರ ವಿಶ್ವಕಪ್ ಫೈನಲ್ ನಡೆದದ್ದು ಕೆಂಪು ಚೆಂಡಿನಲ್ಲಿ, ಬಿಳಿಯ ಉಡುಪಿನಲ್ಲಿ. ವಿಶ್ವಕಪ್ಪಿನಲ್ಲಿ ಬಿಳಿ ಚೆಂಡು, ಬಣ್ಣದ ಅಂಗಿ, ಬೆನ್ನ ಮೇಲೆ ಹೆಸರು ಕಾಣಿಸಿಕೊಂಡದ್ದು 1992ರಲ್ಲಿ. 1987ರ ವಿಶ್ವಕಪ್ಪಿನಲ್ಲಿ ತೊಟ್ಟ ನೀಲಿ ಅಂಗಿಯೆಂದು ಯಾರಾದರೂ ಮಾರಲು ಬಂದರೆ ಅಂತಹ ಅಂಗಿ ಇರಲೇ ಇಲ್ಲವೆಂಬುದನ್ನು ಹಳೆಯ ವೃತ್ತಪತ್ರಿಕೆಯ ಒಂದು ಚಿತ್ರವೇ ಹೇಳುತ್ತದೆ. ಮುದ್ರಿತ ರುಜುವನ್ನು ಹಿಡಿಯಲು ಗಡಿಯಾರ ರಿಪೇರಿಯವರು ಬಳಸುವ ಭೂತಗನ್ನಡಿ ಸಾಕು: ಅಚ್ಚಿನಲ್ಲಿ ಶಾಯಿ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ, ಕೈಬರಹದಲ್ಲಿ ಗೆರೆ ಒತ್ತಡಕ್ಕೆ ತಕ್ಕಂತೆ ತೆಳುವೂ ದಪ್ಪವೂ ಆಗುತ್ತ ಸಾಗುತ್ತದೆ. ಆದರೆ ಅಂತರ್ಜಾಲದಲ್ಲಿ ಕೊಳ್ಳುವವನ ಕೈಗೆ ವಸ್ತು ಬರುವುದು ಹಣ ಹೋದ ಮೇಲೆ. ಹೀಗಾಗಿ ರುಜುವಿನ ಭಾಗದ ಹತ್ತಿರದ ಛಾಯಾಚಿತ್ರವನ್ನು ಮೊದಲೇ ಕೇಳಿ ಪಡೆಯುವುದು, ಕೊಡಲು ನಿರಾಕರಿಸುವವನಿಂದ ದೂರ ಉಳಿಯುವುದು ಸಂಗ್ರಾಹಕರ ರೂಢಿಯಾಗಿದೆ.

ಛಾಯಾಚಿತ್ರದ ಸಾಕ್ಷಿ ಈಗ ಬಹುದೂರ ಸಾಗಿದೆ. 1986ರ ಜೂನ್ 22ರಂದು ಇಂಗ್ಲೆಂಡಿನ ವಿರುದ್ಧ ಡೀಗೊ ಮರಡೋನ ತೊಟ್ಟಿದ್ದ ಅಂಗಿಯನ್ನು ಪಂದ್ಯದ ಬಳಿಕ ಅದಲುಬದಲು ಮಾಡಿಕೊಂಡವರು ಎದುರಾಳಿ ತಂಡದ ಸ್ಟೀವ್ ಹಾಜ್. 2022ರಲ್ಲಿ ಸೋದಬೀಸ್ ಸಂಸ್ಥೆ ಅದನ್ನು ಅಂತರ್ಜಾಲದಲ್ಲಿ ಹರಾಜಿಗಿಟ್ಟಾಗ, ಅದು ಗೋಲು ಹೊಡೆದ ದ್ವಿತೀಯಾರ್ಧದ ಅಂಗಿಯಲ್ಲ, ಪ್ರಥಮಾರ್ಧದ್ದು ಎಂದು ಮರಡೋನ ಅವರ ಮಗಳು ಆಕ್ಷೇಪಿಸಿದರು. ಲಾಂಛನ, ಪಟ್ಟೆ ಮತ್ತು ಅಂಕಿಗಳ ಸೂಕ್ಷ್ಮ ವ್ಯತ್ಯಾಸಗಳನ್ನು ಪಂದ್ಯದ ಚಿತ್ರಗಳೊಂದಿಗೆ ಹೋಲಿಸಿ ಸಂಸ್ಥೆ ಉತ್ತರ ನೀಡಿತು. ಅಂಗಿ 71 ಲಕ್ಷ ಪೌಂಡಿಗೂ ಮಿಕ್ಕಿ ಮಾರಾಟವಾಯಿತು. ಒಂದು ಪಂದ್ಯದ ಅರ್ಧ ಭಾಗಕ್ಕೂ ಇನ್ನರ್ಧಕ್ಕೂ ನಡುವಣ ವ್ಯತ್ಯಾಸ ಕೋಟ್ಯಂತರ ರೂಪಾಯಿಯದು!

ಅಟ್ಟದ ಮೇಲಿನ ಪೆಟ್ಟಿಗೆ

ಎಲ್ಲವೂ ಮೋಸವೇ ಎಂದಲ್ಲ. 2012ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಿಫಯನ್ಸ್ ಎಂಬ ಪಟ್ಟಣದಲ್ಲಿ ಅಜ್ಜನ ಮನೆಯ ಅಟ್ಟ ಗುಡಿಸಲು ಹೋದ ಮೊಮ್ಮಕ್ಕಳಿಗೆ ಮಸಿ ಹಿಡಿದ ರಟ್ಟಿನ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ 1910ರ ಆಸುಪಾಸಿನ ಸುಮಾರು 700 ಬೇಸ್‌ಬಾಲ್ ಕಾರ್ಡುಗಳು, ನಿನ್ನೆ ಮುದ್ರಿಸಿದಷ್ಟು ಹೊಸದಾಗಿ. ಅವುಗಳಲ್ಲಿ 37 ಕಾರ್ಡುಗಳೇ ಆ ವರ್ಷದ ಹರಾಜಿನಲ್ಲಿ 5 ಲಕ್ಷ ಡಾಲರಿಗೂ ಹೆಚ್ಚು ತಂದವು. ದಾಯಾದಿಗಳು ಜಗಳವಿಲ್ಲದೆ ಹಂಚಿಕೊಂಡರೆಂಬುದು ಪೆಟ್ಟಿಗೆಗಿಂತಲೂ ಅಪರೂಪದ ಸುದ್ದಿ. ಆದರೆ ಇದೇ ಸರಣಿಯ ಕಾರ್ಡುಗಳನ್ನು 'ಅತಿ ವಿರಳ'ವೆಂದು ನಂಬಿ ಅದಕ್ಕೂ ಮೊದಲು ದುಬಾರಿ ಬೆಲೆ ತೆತ್ತವರ ಪಾಲಿಗೆ ಆ ಅಟ್ಟವು ಸಿಹಿ ಸುದ್ದಿಯಾಗಿರಲಿಲ್ಲ.

ವಿರಳತೆ ಹೇಗೆ ಹುಟ್ಟುತ್ತದೆಂಬುದಕ್ಕೆ ಟಾಪ್ಸ್ ಕಂಪನಿಯ 1952ರ ಕಾರ್ಡುಗಳು ನಿದರ್ಶನ. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ಹೇರಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದ್ದಾಗಿ ಕಂಪನಿಯ ಸೈ ಬರ್ಗರ್ ಹೇಳುತ್ತಿದ್ದರು. ಆ ಸರಣಿಯ ಮಿಕ್ಕಿ ಮ್ಯಾಂಟಲ್ ಕಾರ್ಡೊಂದನ್ನು 1991ರಲ್ಲಿ 50,000 ಡಾಲರಿಗೆ ಕೊಂಡಿದ್ದವರು 2022ರ ಆಗಸ್ಟಿನಲ್ಲಿ ಮಾರಿದಾಗ ಬಂದದ್ದು 1 ಕೋಟಿ 26 ಲಕ್ಷ ಡಾಲರು. ಗೋದಾಮಿನಲ್ಲಿ ಹಳೆಯ ದಾಸ್ತಾನು ಇಟ್ಟುಕೊಂಡ ವರ್ತಕರು ಈ ಲೆಕ್ಕ ನೋಡಿ ಆಸೆಪಡುವುದು ಬೇಡ. ಕಡಲು ಸೇರಿದ್ದರಿಂದಲೇ ಉಳಿದದ್ದಕ್ಕೆ ಬೆಲೆ ಬಂದಿತು.

ಮೂಲ ಒಡೆಯರೇ ನೇರವಾಗಿ ಮಾರುವ ಹರಾಜುಗಳಲ್ಲಿ ಅಸಲಿತನದ ಚಿಂತೆ ಕಡಿಮೆ. ಶೇನ್ ವಾರ್ನ್ ತಮ್ಮ ಟೆಸ್ಟ್ ಟೋಪಿಯನ್ನು 2020ರ ಜನವರಿಯಲ್ಲಿ ಕಾಳ್ಗಿಚ್ಚಿನ ಸಂತ್ರಸ್ತರಿಗಾಗಿ ಅಂತರ್ಜಾಲದಲ್ಲಿ ಹರಾಜು ಹಾಕಿದರು. ಅದು 10,07,500 ಆಸ್ಟ್ರೇಲಿಯನ್ ಡಾಲರಿಗೆ ಹೋಯಿತು. ಕೊಂಡದ್ದು ಕಾಮನ್‌ವೆಲ್ತ್ ಬ್ಯಾಂಕ್. ಅದೇ ವರ್ಷ ಏಪ್ರಿಲ್‌ನಲ್ಲಿ ಕರ್ನಾಟಕದ ಕೆ.ಎಲ್. ರಾಹುಲ್ ತಮ್ಮ ಸಾಮಗ್ರಿಗಳನ್ನು ಬಡಮಕ್ಕಳ ನೆರವಿಗಾಗಿ ಹರಾಜಿಗಿಟ್ಟಾಗ, 2019ರ ವಿಶ್ವಕಪ್ಪಿನಲ್ಲಿ ಬಳಸಿದ ದಾಂಡಿಗೆ 2,64,228 ರೂಪಾಯಿ ಬಂದಿತು.

ಕಾನೂನು, ತೆರಿಗೆ ಮತ್ತು ವರ್ತಕ

ಭಾರತದಲ್ಲಿ ಈ ವಹಿವಾಟಿಗೆ ಬಾಗಿಲು ತೆರೆದ ಬಾಜೀ ತಾಣವನ್ನು 2004ರಲ್ಲಿ ಇಬೇ ಕೊಂಡಿತು. 2017ರಲ್ಲಿ ಇಬೇ ಇಂಡಿಯಾ ಫ್ಲಿಪ್‌ಕಾರ್ಟ್ ಪಾಲಾಗಿ, 2018ರ ಆಗಸ್ಟಿನಲ್ಲಿ ಮುಚ್ಚಿತು. ಮಧ್ಯವರ್ತಿ ತಾಣವಿಲ್ಲದೆ ಪರಸ್ಪರ ನಂಬಿಕೆಯ ಮೇಲೆ ಹಣ ಕಳುಹಿಸುವವರಿಗೆ ದೂರು ಕೊಡಲು ಕಟಕಟೆಯೇ ಇರುವುದಿಲ್ಲ. ತಾಣದ ಮೂಲಕ ಕೊಂಡರೆ 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ರಕ್ಷಣೆಯಿದೆ. ದೂರನ್ನು ಸ್ವೀಕರಿಸಿದ್ದಾಗಿ 48 ಗಂಟೆಗಳಲ್ಲಿ ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥಪಡಿಸಬೇಕು. ನಕಲಿ ಸರಕನ್ನೂ ವಿವರಣೆಗೆ ಹೊಂದದ ಸರಕನ್ನೂ ಹಿಂಪಡೆಯಲು ಮಾರುವವನು ನಿರಾಕರಿಸುವಂತಿಲ್ಲ. ಗ್ರಾಹಕ ಸಹಾಯವಾಣಿ 1915. ಹಣವೇ ಲಪಟಾಯಿಸಲ್ಪಟ್ಟಿದ್ದರೆ ಸೈಬರ್ ಅಪರಾಧದ 1930.

ಇಲ್ಲೊಂದು ತೊಡಕಿದೆ. ಮರುಮಾರಾಟಕ್ಕಾಗಿ ಕೊಂಡವನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು 'ಗ್ರಾಹಕ'ನೆಂದು ಪರಿಗಣಿಸುವುದಿಲ್ಲ. ಅಂಗಡಿಯಲ್ಲಿ ಮಾರಲೆಂದು ಹತ್ತು ರುಜುವಿನ ದಾಂಡು ತರಿಸಿದ ವರ್ತಕ ಮೋಸಹೋದರೆ, ಅವನು ಆಶ್ರಯಿಸಬೇಕಾದದ್ದು 1930ರ ಸರಕು ಮಾರಾಟ ಅಧಿನಿಯಮದ 15ನೇ ಕಲಮನ್ನು. ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಿರಲೇಬೇಕೆಂಬುದು ಅಲ್ಲಿನ ಷರತ್ತು. ಆದಕಾರಣ ಮಾರುವವನ ಜಾಹೀರಾತಿನ ಒಕ್ಕಣೆಯನ್ನು ಅಚ್ಚುಹಾಕಿ ಬಿಲ್ಲಿನೊಡನೆ ಕಾಪಿಡುವುದು ಲಾಭಕರ. 'ಕೈಯಾರೆ ಹಾಕಿದ ರುಜು' ಎಂಬುದಕ್ಕೂ 'ರುಜುವುಳ್ಳ ಸ್ಮರಣಿಕೆ' ಎಂಬುದಕ್ಕೂ ವ್ಯತ್ಯಾಸವಿದೆ. ಎರಡನೆಯದು ಅಚ್ಚಿನ ರುಜುವೂ ಆಗಿರಬಹುದು.

ವಿದೇಶದಿಂದ ತರಿಸುವವರಿಗೆ ಸೀಮಾಸುಂಕ, ಜಿಎಸ್‌ಟಿ, ಕೊರಿಯರ್ ಸಂಸ್ಥೆಯ ಶುಲ್ಕ ಸೇರಿ ಬಾಗಿಲಿಗೆ ಬರುವ ಬಿಲ್ಲೇ ಒಮ್ಮೊಮ್ಮೆ ದೊಡ್ಡ ಆಘಾತ. ಹೊರಗೆ ಕಳುಹಿಸುವವರಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯ ಅಡ್ಡಿಯುಂಟು. 100 ವರ್ಷ ಮೀರಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ದೇಶದೊಳಗೆ ಬಳಸಿದ ವಸ್ತುಗಳ ವ್ಯಾಪಾರ ಮಾಡುವ ನೋಂದಾಯಿತ ವರ್ತಕರಿಗೆ ಮಾತ್ರ ಜಿಎಸ್‌ಟಿ ನಿಯಮ 32(5) ಒಂದು ಅನುಕೂಲ ಒದಗಿಸಿದೆ. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ, ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ನಡುವಣ ಅಂತರದ ಮೇಲಷ್ಟೇ ತೆರಿಗೆ ಸಲ್ಲುತ್ತದೆ. ನಷ್ಟಕ್ಕೆ ಮಾರಿದರೆ ಆ ವ್ಯವಹಾರಕ್ಕೆ ತೆರಿಗೆಯಿಲ್ಲ. ಇದಕ್ಕೆ ಪ್ರತಿ ವಸ್ತುವಿನ ಖರೀದಿ ಚೀಟಿ ಬೇಕೇ ಬೇಕು. ವಸ್ತು ಎಲ್ಲಿಂದ, ಯಾರ ಕೈಯಿಂದ ಬಂದಿತೆಂದು ಮುಂದಿನ ಗಿರಾಕಿಗೆ ತೋರಿಸಲು ಒದಗುವುದೂ ಅದೇ ಚೀಟಿ.