ಹೊಸ ಹೆಬ್ಬೆಟ್ಟು

ಓದುಬರಹ ಬಾರದವನನ್ನು ನಮ್ಮ ಜನ ‘ಹೆಬ್ಬೆಟ್ಟು’ ಎಂದು ಕರೆಯುತ್ತಿದ್ದರು. ಪತ್ರದಲ್ಲಿ ಏನಿದೆಯೆಂದು ಅರಿಯದೆ, ಸಾಹುಕಾರ ತೋರಿಸಿದೆಡೆ ಬೆರಳೊತ್ತಿ ಹೊಲಮನೆ ಕಳೆದುಕೊಂಡವರ ಕಥೆಯನ್ನು ಕೇಳದವರು ವಿರಳ. ಆ ಕಾಲ ಮುಗಿಯಿತೆಂದು ನಾವು ಭಾವಿಸಿದ್ದೇವೆ. ನಿಜವಾಗಿ ಮುಗಿದಿದೆಯೆ?

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹುಡುಗನ ಕೈಯಲ್ಲಿಯೂ ಇಂದು ಮೊಬೈಲ್ ಇದೆ. ಹಾಡು ಕೇಳಲು, ಚಿತ್ರ ನೋಡಲು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಆದಾಯ ಪ್ರಮಾಣಪತ್ರಕ್ಕೋ ವಿದ್ಯಾರ್ಥಿವೇತನಕ್ಕೋ ಅರ್ಜಿ ಹಾಕಬೇಕಾದಾಗ ಅವನು ಕಂಪ್ಯೂಟರ್ ಅಂಗಡಿಗೆ ಹೋಗಿ, ಆಧಾರ್ ಸಂಖ್ಯೆಯನ್ನೂ ಫೋನಿಗೆ ಬಂದ ಒ.ಟಿ.ಪಿ.ಯನ್ನೂ ಒಪ್ಪಿಸಿ ಸುಮ್ಮನೆ ನಿಲ್ಲುತ್ತಾನೆ. ನನ್ನ ಸಹಪಾಠಿಯೊಬ್ಬಳ ಅರ್ಜಿಯಲ್ಲಿ ಹೀಗೆಯೇ ಬೇರೆಯವರ ಫೋನ್ ಸಂಖ್ಯೆ ಸೇರಿಹೋಯಿತು. ತಪ್ಪು ತಿದ್ದಿಕೊಳ್ಳಬೇಕೆಂಬ ಸೂಚನೆ ಆಕೆಗೆ ಮುಟ್ಟಲೇ ಇಲ್ಲ. ಆ ವರ್ಷದ ವಿದ್ಯಾರ್ಥಿವೇತನ ಕೈತಪ್ಪಿತು. ಇದು ಹೊಸ ಹೆಬ್ಬೆಟ್ಟಲ್ಲದೆ ಮತ್ತೇನು?

ಸರಕಾರ ಈ ಕೊರತೆಯನ್ನು ಅರಿಯದೆ ಇಲ್ಲ. 2017ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು 6 ಕೋಟಿ ಕುಟುಂಬಗಳಲ್ಲಿ ಮನೆಗೊಬ್ಬರಿಗೆ 20 ಗಂಟೆಗಳ ಶಿಕ್ಷಣ ನೀಡುವ ಗುರಿಯಿಟ್ಟುಕೊಂಡು, 2024ರ ಮಾರ್ಚಿಗೆ ಮುಗಿಯಿತು. ಹೆಸರೇ ಹೇಳುವಂತೆ ಅದು ಹಳ್ಳಿಗಳಿಗಾಗಿ ಹೊರಟದ್ದು. ಕೊಳೆಗೇರಿಯ ಹುಡುಗ ನಗರವಾಸಿಯೆಂಬ ಕಾರಣಕ್ಕೇ ಹೊರಗುಳಿದ.

ಸರಕಾರದ ಯೋಜನೆ ಮುಟ್ಟದ ಕಡೆ ನೆರೆಹೊರೆಯವರೇ ಮುಂದಾದ ಉದಾಹರಣೆಯೂ ಉಂಟು. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರವೊಂದು ಹುಟ್ಟಿಕೊಂಡಿತು. ಮುಕ್ತ ತಂತ್ರಾಂಶ ಚಳವಳಿಯ ತರುಣರು ಬಿಡುವಿನ ವೇಳೆಯಲ್ಲಿ ಅಲ್ಲಿನ ಮಕ್ಕಳಿಗೆ ಕಲಿಸಿದರು. ಆ ತಂತ್ರಾಂಶಕ್ಕೆ ಹಣ ತೆರಬೇಕಾಗಿಲ್ಲವಾದ್ದರಿಂದ ಖರ್ಚೂ ಹಗುರ.

ಇಂಥ ಕಲಿಕೆ ನಮ್ಮ ಊರುಗಳಿಗೆ ಹೊಸದಲ್ಲ. ದಾವಣಗೆರೆಯ ಹತ್ತಿಗಿರಣಿಗಳೂ, 1941ರಲ್ಲಿ ಸ್ಥಾಪನೆಯಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನಡೆಯುತ್ತಿದ್ದ ಕಾಲದಲ್ಲಿ ಹೊಸಬನು ಹಳಬನ ಪಕ್ಕ ನಿಂತು ಯಂತ್ರ ಕಲಿಯುತ್ತಿದ್ದ. ಇಂದು ಯಂತ್ರ ಎಲ್ಲರ ಜೇಬಿನಲ್ಲಿದೆ, ಪಕ್ಕ ನಿಲ್ಲುವವರಿಲ್ಲ.

ಆ ಜಾಗದಲ್ಲಿ ನಾವೇಕೆ ನಿಲ್ಲಬಾರದು? ಭಾನುವಾರ ಎರಡು ಗಂಟೆ, ಒಂದು ಶಾಲೆಯ ಜಗಲಿ, ನಮ್ಮವೇ ಫೋನುಗಳು—ಆರಂಭಕ್ಕೆ ಇಷ್ಟು ಸಾಕು. ನಿಯಮ ಮಾತ್ರ ಒಂದಿರಲಿ: ಅರ್ಜಿಯನ್ನು ನಾವು ತುಂಬಿಕೊಡಕೂಡದು. ತುಂಬಿಕೊಟ್ಟರೆ ನಾವೂ ಇನ್ನೊಂದು ಅಂಗಡಿಯಾದೇವು. ಒ.ಟಿ.ಪಿ. ಎಂದರೇನು, ಅದನ್ನು ಯಾರಿಗೂ ಏಕೆ ಹೇಳಬಾರದು, ಯಾವ ಸಂಖ್ಯೆಯನ್ನು ಎಲ್ಲಿ ಬರೆಯಬೇಕು ಎಂಬುದನ್ನು ತಿಳಿಸೋಣ. ಒತ್ತುವ ಬೆರಳು ಅವರದೇ ಆಗಿರಲಿ. ಆಗ ಅದು ಹೆಬ್ಬೆಟ್ಟಾಗಿ ಉಳಿಯದೆ ಸಹಿಯಾಗುತ್ತದೆ.