ಕಂಪ್ಯೂಟರ್ ಆಟದ ಪಾಠ: ಮೊದಲು ಕವಡೆ, ಆಮೇಲೆ ಕೊಟೇಷನ್!

ನಮ್ಮ ಜಿಲ್ಲೆಯ ತೆಂಗಿನ ಸೀಮೆಯಲ್ಲಿ ಒಂದು ಸರ್ಕಾರಿ ಹೈಸ್ಕೂಲಿದೆ. ಊರಿನ ಹೆಸರು ಬೇಡ. ಬರೆದರೆ ನಾಳೆ ಬೆಳಿಗ್ಗೆ ಹೆಡ್‌ಮೇಷ್ಟ್ರಿಗೆ ಬಿಇಓ ಆಫೀಸಿನಿಂದ ಫೋನು ಬರುತ್ತೆ, ಅವರ ಪಾಡು ಅವರಿಗೆ. ಈ ಶಾಲೆಯ ಹಳೇ ವಿದ್ಯಾರ್ಥಿಗಳು ಸೇರಿ ಒಂದಷ್ಟು ದುಡ್ಡು ಕೂಡಿಸಿದ್ದಾರೆ. ಗೋಡೆಗೆ ಬಣ್ಣ ಆಯ್ತು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಆಯ್ತು. ಉಳಿದ ಹಣದಲ್ಲಿ ಎಂಟು, ಒಂಬತ್ತನೇ ಕ್ಲಾಸಿನವರಿಗೆ ಕಂಪ್ಯೂಟರ್ ಆಟ ತಯಾರಿಸುವ ಪಾಠ ಶುರು ಮಾಡೋಣ ಅಂತ ತೀರ್ಮಾನವಾಗಿದೆ. ಆಟ ಆಡೋದಲ್ಲ ಸ್ವಾಮಿ, ಆಟ ಮಾಡೋದು.

ಒಳ್ಳೇ ತೀರ್ಮಾನವೇ. ಆದರೆ ದುಡ್ಡಿನ ವಾಸನೆ ಹಿಡಿದು ಒಂದು ಖಾಸಗಿ ಕಂಪನಿಯ ಏಜೆಂಟು ಆಗಲೇ ಬಂದು ಹೋಗಿದ್ದಾನೆ. ಟೈ ಕಟ್ಟಿಕೊಂಡು, ತನ್ನ ಲ್ಯಾಪ್‌ಟಾಪಿನಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ತೋರಿಸಿ, 'ಒಂದೇ ವರ್ಷದಲ್ಲಿ ನಿಮ್ಮ ಮಕ್ಕಳೂ ಹೀಗೆ ಮಾಡ್ತಾರೆ ಸಾರ್' ಅಂದನಂತೆ. ಎಸ್‌ಡಿಎಂಸಿಯ ಹಿರಿಯರೊಬ್ಬರು ಡ್ರ್ಯಾಗನ್ ನೋಡಿದ ಮೇಲೆ ಬೇರೇನನ್ನೂ ಕೇಳಲಿಲ್ಲ. ಮಕ್ಕಳಿಗೆ ಯೂನಿಟಿ, ಅನ್‌ರಿಯಲ್, ಕೊನೆಗೆ ಹೊಳೆಯುವ ಸರ್ಟಿಫಿಕೇಟು. ಕೊಟೇಷನ್ ಲಕ್ಷಗಳ ಲೆಕ್ಕದಲ್ಲಿದೆ.

ಆ ಲಕ್ಷಗಳು ಎಲ್ಲಿಂದ ಬಂದವು? ಬೆಂಗಳೂರಿನಲ್ಲಿ ಆಟೋ ಓಡಿಸುವವನಿಂದ ಹಿಡಿದು ಅಮೆರಿಕದಲ್ಲಿರುವ ಇಂಜಿನಿಯರ್ ತನಕ ಈ ಶಾಲೆಯಲ್ಲಿ ಓದಿದವರು ಕಳಿಸಿದ್ದು. ಒಂದು ಸಲ ಹೋದರೆ ಹೋಯ್ತು. ಮತ್ತೆ ಹತ್ತು ವರ್ಷ ಯಾರೂ ಜೇಬಿಗೆ ಕೈ ಹಾಕೋದಿಲ್ಲ. ಅದಕ್ಕೇ ಈ ವರದಿಗಾರ ಎರಡು ಸಲ ಆ ಶಾಲೆಗೆ ಹೋಗಿ ಕೂತು ಬಂದದ್ದು.

ಇಂಥ ಪಾಠದ ಮಾತು ಈಗ ಎಲ್ಲ ಕಡೆ ಕೇಳ್ತಿದೆ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆ ಅಂತ ನಮ್ಮ ರಾಜ್ಯ 2012ರಲ್ಲೇ ಒಂದು ನೀತಿ ತಂದಿತ್ತು. 2024ರಿಂದ 29ರ ತನಕದ ಹೊಸ ನೀತಿಯೂ ಬಂದಿದೆ. 2026ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಿನಲ್ಲಿ ದೇಶದ 15,000 ಪ್ರೌಢಶಾಲೆ, 500 ಕಾಲೇಜುಗಳಲ್ಲಿ ಇದಕ್ಕಾಗಿ ಲ್ಯಾಬ್ ಮಾಡುವ ಮಾತು ಬಂತು. ಬಜೆಟ್ಟಿನ ಲ್ಯಾಬು ನಮ್ಮ ತಾಲೂಕಿಗೆ ಯಾವಾಗ ಬರುತ್ತೋ ಆ ದೇವರಿಗೇ ಗೊತ್ತು. ಏಜೆಂಟರು ಮಾತ್ರ ಮೊದಲ ಬಸ್ಸಿಗೇ ಬಂದಿಳಿಯುತ್ತಾರೆ.

ಊರಿನವರಿಗೆ ಇನ್ನೊಂದು ಭಯ. ಕೊಬ್ಬರಿ ವ್ಯಾಪಾರದ ಒಬ್ಬ ಅಪ್ಪ ಈ ವರದಿಗಾರನ ಕೈ ಹಿಡಿದು ಕೇಳಿದರು: 'ಅಲ್ಲಾ ಸ್ವಾಮಿ, ಮೊಬೈಲಲ್ಲಿ ರಮ್ಮಿ ಆಡಿ ನಮ್ಮ ಬೀದೀಲೇ ಒಬ್ಬ ಹಾಳಾದ. ಈಗ ಸ್ಕೂಲಲ್ಲೇ ಗೇಮು ಕಲಿಸ್ತೀವಿ ಅಂತಾರಲ್ಲ?' ಕೇಳುವಂಥ ಪ್ರಶ್ನೆಯೇ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿತು. ಅದು ಬೇರೆ ಮಾತು. ಇಲ್ಲಿ ಹುಡುಗರು ಕಲಿಯುವುದು ಲೆಕ್ಕ, ಚಿತ್ರ, ಕಥೆ, ತರ್ಕ. ಬೇಕಿದ್ದರೆ ಒಂದು ಪೀರಿಯಡ್ಡು ಅದೇ ರಮ್ಮಿ ಆಪುಗಳು ಮನುಷ್ಯನನ್ನು ಹೇಗೆ ಕಟ್ಟಿಹಾಕ್ತವೆ ಅಂತ ಬಿಚ್ಚಿ ತೋರಿಸಲಿ. ಬೋನಸ್ಸು, ಗಂಟೆ ಸದ್ದು, 'ಇನ್ನೊಂದೇ ಒಂದು ಆಟ' ಅನ್ನೋ ಆಮಿಷ ಎಲ್ಲವೂ ಯಾರೋ ಕೂತು ಯೋಚಿಸಿ ಕಟ್ಟಿದ್ದು. ಕಟ್ಟುವ ಕೈಚಳಕ ತಿಳಿದ ಹುಡುಗ ಸುಲಭಕ್ಕೆ ಬಲೆಗೆ ಬೀಳಲಾರ.

ಇನ್ನು ಲ್ಯಾಬಿಗೆ ಬನ್ನಿ. ಬೀಗ ತೆಗೆದ ಕೂಡಲೇ ಧೂಳು. ಹನ್ನೊಂದು ಕಂಪ್ಯೂಟರು, ಅದರಲ್ಲಿ ಎದ್ದು ಕೂತದ್ದು ಏಳು. ವಿಂಡೋಸ್ 7, ನಾಲ್ಕು ಜಿಬಿ ರ‍್ಯಾಮ್. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಯ್ತೋ. ಇಂಟರ್ನೆಟ್ಟು ಅಂದರೆ ಗಣಿತದ ಮಿಸ್ಸಿನ ಮೊಬೈಲಿನ ಹಾಟ್‌ಸ್ಪಾಟು. ಈ ಪಾಠ ನಡೆಸಬೇಕಾದವರೂ ಅವರೇ. ಅನ್‌ರಿಯಲ್ ಎಂಜಿನ್ ಮಾಡಿದ ಎಪಿಕ್ ಕಂಪನಿಯೇ ಅದಕ್ಕೆ 32 ಜಿಬಿ ರ‍್ಯಾಮ್ ಇದ್ದರೆ ಒಳ್ಳೇದು ಅಂತ ಬರೆದುಕೊಂಡಿದೆ. ನಾಲ್ಕೆಲ್ಲಿ, ಮೂವತ್ತೆರಡೆಲ್ಲಿ! ಎತ್ತಿನ ಗಾಡಿಗೆ ವಿಮಾನದ ಎಂಜಿನ್ನು ಕಟ್ಟಿದ ಹಾಗೆ. ಡ್ರ್ಯಾಗನ್ ಹಾರಿದ್ದು ಏಜೆಂಟನ ಲ್ಯಾಪ್‌ಟಾಪಿನಲ್ಲಿ, ಶಾಲೆಯ ಯಂತ್ರದಲ್ಲಲ್ಲ. 'ನಮ್ಮ ಲ್ಯಾಬಲ್ಲಿ ಒಂದು ಸಲ ಓಡಿಸಿ ತೋರಿಸಿ' ಅಂತ ಅವತ್ತು ಒಬ್ಬರಾದರೂ ಕೇಳಬೇಕಿತ್ತು.

ಯೂನಿಟಿ ಕೆಟ್ಟದ್ದೇನಲ್ಲ. ಗೇಮ್ ಕಂಪನಿಗಳಲ್ಲಿ ಕೆಲಸಕ್ಕೆ ಹೋದರೆ ಅದನ್ನು ಕೇಳ್ತಾರೆ, ನಿಜ. ಆದರೆ ಅದಕ್ಕೆ ಡಿಸ್ಕಿನಲ್ಲಿ ಹಲವು ಜಿಬಿ ಜಾಗ ಬೇಕು, ಅಕೌಂಟು ಮಾಡಿ ಲಾಗಿನ್ ಆಗಬೇಕು. ಅಕೌಂಟು ಅಂದ ಕೂಡಲೇ ಮಕ್ಕಳ ಹೆಸರು, ಇಮೇಲ್. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳು ಅಂತಲೇ ಎಣಿಸಿ, ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತೆ. ನಮ್ಮ ಶಾಲೆಗಳಲ್ಲಿ ಏನು ಮಾಡ್ತಾರೆ? ಮೇಷ್ಟ್ರ ಒಂದೇ ಇಮೇಲಿನಲ್ಲಿ ನಲವತ್ತು ಮಕ್ಕಳು!

ಇದೇ ಯೂನಿಟಿ 2023ರ ಸೆಪ್ಟೆಂಬರ್ 12ರಂದು ಒಂದು ಬಾಂಬ್ ಹಾಕಿತ್ತು. ಆಟ ಒಂದೊಂದು ಸಲ ಇನ್‌ಸ್ಟಾಲ್ ಆದಾಗಲೂ ಆಟ ಮಾಡಿದವನು ಇಷ್ಟು ಅಂತ ತೆರಬೇಕು, 2024ರ ಜನವರಿಯಿಂದ ಜಾರಿ! ಲೋಕದ ಆಟಗಾರಿಕೆಯವರೆಲ್ಲ ಬೀದಿಗೆ ಬಿದ್ದವರ ಹಾಗೆ ಕೂಗಾಡಿದರು. ಹತ್ತೇ ದಿನದಲ್ಲಿ ನಿಯಮ ಸಡಿಲವಾಯ್ತು, ಮುಂದಿನ ತಿಂಗಳು ಮುಖ್ಯಸ್ಥ ಕುರ್ಚಿ ಬಿಟ್ಟ, ಸರಿಯಾಗಿ ಒಂದು ವರ್ಷಕ್ಕೆ, 2024ರ ಸೆಪ್ಟೆಂಬರ್ 12ಕ್ಕೆ, ಆ ಶುಲ್ಕವನ್ನೇ ಕೈಬಿಟ್ಟರು. ದೊಡ್ಡ ಸಂಪಾದನೆಯ ಆಟಗಳಿಗೆ ಅಂತ ಇಟ್ಟ ಶುಲ್ಕ ಅದು, ನಮ್ಮ ಹುಡುಗರಿಗೆ ತಾಗುತ್ತಿರಲಿಲ್ಲ. ಆದರೆ ನಿಯಮದ ಬರಹ ಯಾರ ಕೈಯಲ್ಲಿದೆ ಅನ್ನೋದು ಅವತ್ತು ಎಲ್ಲರಿಗೂ ಗೊತ್ತಾಯ್ತು. ಅದಕ್ಕೂ ಮೊದಲು ಫ್ಲ್ಯಾಶ್ ಕಲಿತವರ ಗತಿ ನೋಡಿ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದಕ್ಕೆ ಎಳ್ಳುನೀರು ಬಿಟ್ಟಿತು.

ಹಾಗಾದರೆ ಈ ಏಳು ಯಂತ್ರಕ್ಕೆ ಯಾವುದು? ಗಣಿತದ ಮಿಸ್ಸು ಮತ್ತು ಕಂಪ್ಯೂಟರ್ ಬಲ್ಲ ಒಬ್ಬ ಹಳೇ ವಿದ್ಯಾರ್ಥಿ ಕೂತು ಯೋಚಿಸಿದ್ದನ್ನು ಕೇಳಿದ ಮೇಲೆ ಈ ವರದಿಗಾರನಿಗೂ ಅದೇ ಸರಿ ಅನ್ನಿಸಿದೆ. ಎಂಟನೇ ಕ್ಲಾಸಿಗೆ ಸ್ಕ್ರ್ಯಾಚ್. ಅಮೆರಿಕದ ಎಂಐಟಿಯವರು 2007ರಲ್ಲಿ ಬಿಟ್ಟದ್ದು, ಪುಕ್ಕಟೆ. ಬಣ್ಣದ ಇಟ್ಟಿಗೆಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಪ್ರೋಗ್ರಾಮು. ಟೈಪಿಂಗ್ ಬಾರದ ಮಗುವೂ ಮೊದಲ ದಿನವೇ ಏನಾದರೊಂದು ಕುಣಿಸುತ್ತೆ. ಅದರ ಪರದೆಯ ನಟ್ಟನಡುವೆ ಸೊನ್ನೆ, ಬಲಕ್ಕೆ 240, ಎಡಕ್ಕೆ ಮೈನಸ್ 240, ಮೇಲೆ 180, ಕೆಳಗೆ ಮೈನಸ್ 180. ಒಂಬತ್ತನೇ ಕ್ಲಾಸಿನ ನಿರ್ದೇಶಾಂಕ ರೇಖಾಗಣಿತ ಬಾಯಿಪಾಠ ಮಾಡದೆಯೇ ತಲೆಗೆ ಇಳಿಯುತ್ತೆ. ಈಗಿನ 3ನೇ ಆವೃತ್ತಿಯ ಆಪಿಗೆ ವಿಂಡೋಸ್ 10 ಬೇಕು. ಹಳೇ 1.4 ಆವೃತ್ತಿ ಎಂಥ ಮುದಿ ಯಂತ್ರದಲ್ಲೂ ಓಡುತ್ತೆ, ಇಂಟರ್ನೆಟ್ಟಿನ ಹಂಗಿಲ್ಲ.

ಒಂಬತ್ತನೇ ಕ್ಲಾಸಿಗೆ ಗೋಡೋ. ಅರ್ಜೆಂಟೀನಾದ ಇಬ್ಬರು ಶುರು ಮಾಡಿದ್ದು, 2014ರಿಂದ ಎಲ್ಲರಿಗೂ ಮುಕ್ತ. ಅಕೌಂಟಿಲ್ಲ, ಪರವಾನಗಿ ದುಡ್ಡಿಲ್ಲ, ಪೆನ್‌ಡ್ರೈವಿನಿಂದಲೇ ಓಡುತ್ತೆ. ಅದರಲ್ಲಿ ಬರೆಯುವ ಭಾಷೆ, ಮುಂದೆ ಕಾಲೇಜಿನಲ್ಲಿ ಎದುರಾಗುವ ಪೈಥಾನಿನ ದಾಯಾದಿ ಇದ್ದ ಹಾಗೆ.

ಇಲ್ಲೂ ಒಂದು ತೊಡಕಿದೆ, ಕನ್ನಡಿಗರಿಗೆ ಮಾತ್ರ ಕಾಣುವ ತೊಡಕು. ಗೋಡೋದ 3ನೇ ಆವೃತ್ತಿ ಹಳೇ ಯಂತ್ರದಲ್ಲಿ ಚೆನ್ನಾಗಿ ನಡೆಯುತ್ತೆ. ಆದರೆ ಅದಕ್ಕೆ ನಮ್ಮ ಒತ್ತಕ್ಷರ ಬಾರದು. 'ಅಮ್ಮ' ಅಂತ ಬರೆದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. 2023ರ ಮಾರ್ಚಿನಲ್ಲಿ ಬಂದ 4ನೇ ಆವೃತ್ತಿಯಲ್ಲಿ ಒತ್ತು, ಗುಣಿತ ಎಲ್ಲ ಸರಿಯಾಗಿ ಕೂರುತ್ತೆ, ಆದರೆ ಅದಕ್ಕೆ ಸ್ವಲ್ಪ ಹೊಸ ಯಂತ್ರ ಬೇಕು. ಯೂನಿಟಿಯಲ್ಲೂ ಬಹಳ ಕಾಲ ಇದೇ ಗೋಳಿತ್ತು. ಏಜೆಂಟನ ಕೊಟೇಷನ್ನಿನಲ್ಲಿ ಕನ್ನಡ ಅನ್ನೋ ಪದವೇ ಇಲ್ಲ. ಕನ್ನಡ ಮೀಡಿಯಂ ಹುಡುಗಿ ತನ್ನ ಆಟಕ್ಕೆ ತನ್ನ ಭಾಷೆಯಲ್ಲಿ ಹೆಸರಿಡೋಕೆ ಆಗಲ್ಲ ಅಂದರೆ ಆ ಟೂಲು ಕಟ್ಟಿಕೊಂಡು ಏನು ಮಾಡೋಣ? ಸದ್ಯಕ್ಕೆ ಮಿಸ್ಸಿನ ಉಪಾಯ: ಹೆಸರನ್ನು ಕಾಗದದ ಮೇಲೆ ಬರೆದು, ಫೋಟೋ ಹೊಡೆದು, ಚಿತ್ರವಾಗಿ ಹಾಕೋದು. ಮಕ್ಕಳ ಕೈಬರಹ ಅಚ್ಚಿಗಿಂತ ಚೆಂದ ಕಾಣುತ್ತೆ, ಅದು ಬೇರೆ.

ಟೂಲು ಏನೇ ಇರಲಿ, ಮೊದಲ ಆರು ವಾರ ಕಂಪ್ಯೂಟರ್ ಮುಟ್ಟಬಾರದು ಅಂತ ಮಿಸ್ಸಿನ ಹಟ. ಚೌಕಾಬಾರದಿಂದ ಶುರು. ನಾವು ಹೋದಾಗ ವೆರಾಂಡದಲ್ಲಿ ಸೀಮೆಸುಣ್ಣದಲ್ಲಿ ಐದೈದರ ಮನೆ ಬರೆದು ಮಕ್ಕಳು ಕವಡೆ ಹಾಕುತ್ತಿದ್ದರು. ಸುಮ್ಮನೆ ಆಟವಲ್ಲ, ಪ್ರತಿ ಎಸೆತವೂ ನೋಟ್‌ಬುಕ್ಕಿಗೆ. ನಾಲ್ಕು ಕವಡೆ ಬೀಳೋಕೆ ಹದಿನಾರು ದಾರಿ. ಒಂದು ತೆರೆದು ಬೀಳೋದು ನಾಲ್ಕು ದಾರಿ, ಎರಡು ಆರು ದಾರಿ, ಮೂರು ನಾಲ್ಕು ದಾರಿ. ನಾಲ್ಕೂ ತೆರೆದರೆ ಚೌಕ, ಒಂದೇ ದಾರಿ. ಎಲ್ಲ ಮಗುಚಿದರೆ ಬಾರ, ಎಂಟು, ಅದಕ್ಕೂ ಒಂದೇ ದಾರಿ. ಸರಾಸರಿ ತೆಗೆದರೆ ಎಸೆತಕ್ಕೆ ಎರಡೂವರೆ ಮನೆ. ಕಾಯಿ ಹಣ್ಣಾಗೋಕೆ 24 ಮನೆ ನಡೀಬೇಕು, ಅಂದರೆ ಹತ್ತು ಎಸೆತದ ಆಸುಪಾಸು. ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೂ ಅರ್ಥವಾಯಿತು ಅಂದಮೇಲೆ ಯಾರಿಗಾದರೂ ಆದೀತು!

ಮಜಾ ಇರೋದು ಮುಂದೆ. ಇದನ್ನೇ ಸ್ಕ್ರ್ಯಾಚಿನಲ್ಲಿ ಮಾಡು ಅಂದರೆ ಹುಡುಗರು 'ಒಂದರಿಂದ ನಾಲ್ಕರೊಳಗೆ ಯಾವುದೋ ಒಂದು ಸಂಖ್ಯೆ' ಅಂತ ಹಾಕಿಬಿಡ್ತಾರೆ. ಆಗ ಬಾರ ಬೀಳೋದೇ ಇಲ್ಲ, ಎರಡಕ್ಕೂ ನಾಲ್ಕಕ್ಕೂ ಒಂದೇ ಬೆಲೆ ಬಂದುಬಿಡುತ್ತೆ. ನೋಟ್‌ಬುಕ್ಕಿನ ಲೆಕ್ಕದ ಪಕ್ಕ ಇಟ್ಟರೆ ಕಳ್ಳ ಸಿಕ್ಕಿಬಿದ್ದ ಹಾಗೆ ತಪ್ಪು ಕಾಣುತ್ತೆ. ನಾಲ್ಕು ಕವಡೆಗೂ ಬೇರೆ ಬೇರೆ ಸೊನ್ನೆಯೋ ಒಂದೋ ಹಾಕಿ, ಕೂಡಿ, ಮೊತ್ತ ಸೊನ್ನೆ ಬಂದರೆ ಎಂಟು ಮಾಡಬೇಕು. ಮೇಲೆ ಇನ್ನೊಂದು ತಕರಾರು: ನಿಜವಾದ ಕವಡೆಗೆ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ, ಎರಡೂ ಕಡೆ ಸಮನಾಗಿ ಬೀಳಬೇಕು ಅಂತೇನಿಲ್ಲ. 'ಹಂಗಾದ್ರೆ ನಮ್ಮ ಕವಡೇದೇ ಲೆಕ್ಕ ಹಾಕೋಣ ಮಿಸ್' ಅಂದಳು ಒಬ್ಬ ಹುಡುಗಿ. ಅವಳ ಗುಂಪು ನೂರು ಸಲ ಎಸೆಯೋಕೆ ಕೂತಿತು. ಯಾವ ಸರ್ಟಿಫಿಕೇಟಿನಲ್ಲಿ ಇದನ್ನು ಬರೀತಾರೆ?

ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಹೋಗಬಾರದು ಅಂತ ಕೆಲವು ಊರಿನ ನಿಯಮ, ಕೆಲವು ಕಡೆ ಇಲ್ಲ. ಎರಡೂ ಥರ ಆಡಿ, ಯಾವುದರಲ್ಲಿ ಆಟ ಜಾಸ್ತಿ ಹೊತ್ತು ನಡೀತು, ಯಾರು ಬೇಜಾರಾಗಿ ಎದ್ದು ಹೋದರು ಅಂತ ಬರೆಯೋದು. ಕೋಟಿಗಟ್ಟಲೆ ಖರ್ಚು ಮಾಡಿ ಆಟ ಕಟ್ಟುವವರೂ ಮಾಡೋದು ಇದನ್ನೇ.

ವರ್ಷಕ್ಕೆ ಒಂದು ಗುಂಪಿಗೆ ಮೂರೇ ಮೂರು ಆಟ. ಚಿಕ್ಕದಿರಲಿ, ಮುಗಿದಿರಬೇಕು. ಮರದಿಂದ ಬೀಳೋ ಕಾಯಿ ಬುಟ್ಟಿಗೆ ಹಿಡಿಯೋದು ಆದರೂ ಸೈ. ಅಂಕವನ್ನೂ ಡ್ರ್ಯಾಗನ್ ನೋಡಿ ಕೊಡಲ್ಲ. ಆರನೇ ಕ್ಲಾಸಿನ ಒಂದು ಮಗುವನ್ನು ಕರೆದು ಕೂರಿಸೋದು, ಆಟ ಮಾಡಿದವರು ತುಟಿ ಪಿಟಕ್ ಅನ್ನಬಾರದು, ಆ ಮಗು ಎಲ್ಲಿ ತಬ್ಬಿಬ್ಬಾಯ್ತು ಅಂತ ಬರೆದುಕೊಂಡು ತಿದ್ದೋದು. ಗುಂಪಿನಲ್ಲಿ ಮೂವರು, ಕಾಲು ಗಂಟೆಗೊಮ್ಮೆ ಮೌಸ್ ಕೈ ಬದಲಾಗಬೇಕು. ಇಲ್ಲದಿದ್ದರೆ ಗಂಡುಹುಡುಗರು ಹಿಡಿದ ಮೌಸು ಬಿಡಲ್ಲ, ಹುಡುಗಿಯರು ಹಿಂದೆ ನಿಂತು ನೋಡೋದೇ ಆಗುತ್ತೆ. ಸದ್ದು ಬೇಕಾದರೆ ತೆಂಗಿನಕಾಯಿ ನೆಲಕ್ಕೆ ಬಿಟ್ಟು ಮೊಬೈಲಿನಲ್ಲಿ ಹಿಡಿದು, ಪುಕ್ಕಟೆ ಸಿಗುವ ಆಡಾಸಿಟಿಯಲ್ಲಿ ಕತ್ತರಿಸೋದು. ಹತ್ತನೇ ಕ್ಲಾಸಿನ ತಂಟೆಗೆ ಹೋಗಲ್ಲ, ಅಲ್ಲಿ ಎಸ್ಸೆಸ್ಸೆಲ್ಸಿ ಮಾರಮ್ಮ ಕೂತಿದ್ದಾಳೆ.

'ಇದೆಲ್ಲ ಹಳ್ಳೀಲಿ ಆಗೋ ಮಾತಾ?' ಅನ್ನೋರು ಪಕ್ಕದ ಕೇರಳ ನೋಡಲಿ. ಅಲ್ಲಿ 2018ರಿಂದ ಹೈಸ್ಕೂಲುಗಳಲ್ಲಿ 'ಲಿಟ್ಲ್ ಕೈಟ್ಸ್' ಅಂತ ಮಕ್ಕಳ ಕಂಪ್ಯೂಟರ್ ಕ್ಲಬ್ಬುಗಳಿವೆ. ಸರ್ಕಾರದ ಕೈಟ್ ಸಂಸ್ಥೆಯೇ ನಡೆಸೋದು. ಸ್ಕ್ರ್ಯಾಚು, ಅನಿಮೇಷನ್ನು, ಎಲ್ಲ ಮುಕ್ತ ತಂತ್ರಾಂಶದಲ್ಲೇ. ಯಂತ್ರಗಳಲ್ಲೂ ವಿಂಡೋಸ್ ಬದಲು ಲಿನಕ್ಸು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಿಂದ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ನಿಂತಿದೆ. ಇನ್ನು 7ರ ಮಾತೆಲ್ಲಿ? ನಮ್ಮ ಶಾಲೆಯ ಏಳು ಯಂತ್ರಕ್ಕೂ ಲಿನಕ್ಸು ಹಾಕೋದು ಒಂದು ಭಾನುವಾರದ ಕೆಲಸ ಅಂತ ಆ ಹಳೇ ವಿದ್ಯಾರ್ಥಿ ಹೇಳ್ತಾರೆ. ಸ್ಕ್ರ್ಯಾಚು, ಗೋಡೋ ಎರಡಕ್ಕೂ ಅಲ್ಲಿ ದಾರಿ ಇದೆ.

ಹಾಗಂತ ದುಡ್ಡೇ ಬೇಡ ಅಂತಲ್ಲ. ಬ್ಯಾಟರಿಗೆ ಬೇಕು. ರ‍್ಯಾಮ್ ಹೆಚ್ಚಿಸಬೇಕು. ಸತ್ತ ನಾಲ್ಕರಲ್ಲಿ ಎರಡನ್ನಾದರೂ ಎಬ್ಬಿಸಬೇಕು. ಎಲ್ಲಕ್ಕಿಂತ ಮೊದಲು ಮಿಸ್ಸಿಗೆ ಬೇಸಿಗೆ ರಜೆಯಲ್ಲಿ ಕಲಿಯೋಕೆ ಸಮಯ ಬೇಕು, ಅವರ ತಲೆ ಮೇಲಿನ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಸ್ವಲ್ಪ ಇಳಿಯಬೇಕು. ಕಂಪನಿ ಕಳಿಸುವ ಹುಡುಗ ಒಂದು ವರ್ಷಕ್ಕೆ ಗಂಟು ಕಟ್ಟಿ ಹೋಗ್ತಾನೆ. ಮಿಸ್ಸು ಅಲ್ಲೇ ಇರ್ತಾರೆ, ವರ್ಗಾ ಆಗೋ ತನಕ.

ಎಸ್‌ಡಿಎಂಸಿ ಮೀಟಿಂಗು ಬರುವ ಶನಿವಾರ ಮಧ್ಯಾಹ್ನ, ಶಾಲೆಯಲ್ಲೇ. ಏಜೆಂಟೂ ಬರ್ತಾನಂತೆ. ಪಾಲಕರು ಹೋಗಿ ಕೂರಬಹುದು, ಯಾರೂ ಎಬ್ಬಿಸೋ ಹಾಗಿಲ್ಲ. ಡ್ರ್ಯಾಗನ್ ತೋರಿಸೋಕೆ ಶುರು ಮಾಡಿದ ಕೂಡಲೇ ಲ್ಯಾಬಿನ ಬೀಗದ ಕೈ ತರಿಸಿ.