ರಾಜನ ಮಾತನ್ನು ಎಲ್ಲರೂ ಕೇಳುತ್ತಿದ್ದರೇ?

ಹನುಮನಹಳ್ಳಿಯಲ್ಲಿ ನಿಂತರೆ ಒಂದು ಕಡೆ ಅಂಜನಾದ್ರಿ, ಇನ್ನೊಂದು ಕಡೆ ತುಂಗಭದ್ರೆ. ಹೊಳೆಯ ಆಚೆ ದಡದ ಬಂಡೆಗಳ ನಡುವೆ ಹಂಪಿ. ಅತ್ತ ಕೈ ತೋರಿಸಿ ಅಜ್ಜ ವಿಜಯನಗರದ ಕಥೆ ಹೇಳತೊಡಗಿದರೆ ಮೊಮ್ಮಗಳ ಪ್ರಶ್ನೆ ಬಂದೇ ಬರುತ್ತದೆ: "ಅಜ್ಜಾ, ರಾಜ ಅಂದ ಮ್ಯಾಲೆ ಎಲ್ಲಾರೂ ಅವನ ಮಾತು ಕೇಳತಿದ್ರೇನು?"

ಒಳ್ಳೆಯ ಪ್ರಶ್ನೆ. ಉತ್ತರ ಮಾತ್ರ "ಇಲ್ಲ" ಎಂಬುದೇ!

ಮಕ್ಕಳೇ, ಆಗ ಫೋನ್ ಇಲ್ಲ, ರೈಲು ಇಲ್ಲ. ಹಂಪಿಯಿಂದ ಹೊರಟ ಅಪ್ಪಣೆ ತಮಿಳುನಾಡಿನ ಊರು ಮುಟ್ಟಲು ಎಷ್ಟೋ ದಿನ ಬೇಕು. ಅಷ್ಟು ದೂರದ ನಾಡನ್ನು ಒಬ್ಬನೇ ಆಳುವುದು ಹೇಗೆ? ಅದಕ್ಕೇ ರಾಜರು ನಾಯಕರಿಗೆ ಸೀಮೆಗಳನ್ನು ಹಂಚಿಕೊಟ್ಟರು. ಇದೇ ಅಮರನಾಯಕ ಪದ್ಧತಿ. ನಾಯಕ ತನ್ನ ಸೀಮೆಯ ಕಂದಾಯ ಎತ್ತಬೇಕು, ಅದರಲ್ಲಿ ಒಂದು ಪಾಲನ್ನು ರಾಜನಿಗೆ ಒಪ್ಪಿಸಬೇಕು, ಉಳಿದದ್ದರಲ್ಲಿ ಕುದುರೆ, ಆನೆ, ಕಾಲಾಳು ಸಾಕಿ ಯುದ್ಧಕ್ಕೆ ಕರೆದಾಗ ಬರಬೇಕು.

ಲೆಕ್ಕ ಚೆನ್ನಾಗಿದೆ. ಆದರೆ ಅಪಾಯವೂ ಅದರಲ್ಲೇ ಇದೆ. ದುಡ್ಡೂ ದಂಡೂ ನಾಯಕನ ಕೈಯಲ್ಲಿದ್ದರೆ, ಅವನೇ ರಾಜನಾಗಲು ಎಷ್ಟು ಹೊತ್ತು? ಹಾಗೆಯೇ ಆಯಿತು. ಚಂದ್ರಗಿರಿಯ ಸಾಳುವ ನರಸಿಂಹ 1485ರ ಹೊತ್ತಿಗೆ ಸಿಂಹಾಸನವನ್ನೇ ತನ್ನದಾಗಿಸಿಕೊಂಡ. ಅವನ ಸೇನಾನಿ ತುಳುವ ನರಸನಾಯಕ ಮುಂದೆ ರಾಜ್ಯದ ಸೂತ್ರ ಹಿಡಿದ. ಆ ನರಸನಾಯಕನ ಮಗನೇ ನಮ್ಮ ಶ್ರೀಕೃಷ್ಣದೇವರಾಯ!

ಹಾಗಾಗಿ 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯನಿಗೆ ಈ ಅಪಾಯವನ್ನು ಯಾರೂ ಕಲಿಸಿಕೊಡಬೇಕಿರಲಿಲ್ಲ. ಅದು ಮನೆಯ ಕಥೆಯೇ ಆಗಿತ್ತು. ತಿರುಗಿಬಿದ್ದ ಉಮ್ಮತ್ತೂರಿನ ಗಂಗರಾಜನನ್ನು ಸೋಲಿಸಿ, ಶಿವನಸಮುದ್ರದ ಕೋಟೆ ಹಿಡಿದ. ಮುಖ್ಯ ಕೋಟೆಗಳಿಗೆ ತನ್ನ ನಂಬಿಕೆಯ ಬ್ರಾಹ್ಮಣ ದಂಡನಾಯಕರನ್ನು ಇಟ್ಟ. ಸಮುದ್ರದಾಚೆಯಿಂದ ಬರುತ್ತಿದ್ದ ಒಳ್ಳೆಯ ಕುದುರೆಗಳನ್ನು ಪೋರ್ಚುಗೀಸರಿಂದ ಕೊಳ್ಳುತ್ತಿದ್ದ. ಕುದುರೆ ಯಾರ ಲಾಯದಲ್ಲಿದೆಯೋ ಬಲ ಅವರ ಕಡೆ!

ಇನ್ನೊಂದು ಉಪಾಯ ಹಬ್ಬ. ಮಹಾನವಮಿಗೆ ನಾಯಕರೆಲ್ಲ ರಾಜಧಾನಿಗೆ ಬರಬೇಕು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಈ ಹಬ್ಬ ಕಂಡು ಬೆರಗಾಗಿದ್ದ. ತಿಂಗಳುಗಟ್ಟಲೆ ದಾರಿಯ ದೂರದಿಂದ ಸರದಾರರು ಸಿಂಗರಿಸಿದ ಆನೆಗಳೊಂದಿಗೆ ಬಂದಿದ್ದರಂತೆ. ಮುಂದೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಈ ಹಬ್ಬದ ಹೊತ್ತಿಗೇ ನಾಯಕರು ಕಪ್ಪ ಒಪ್ಪಿಸುತ್ತಿದ್ದರೆಂದೂ, ಲೆಕ್ಕದಷ್ಟು ದಂಡು ಸಾಕದವರ ಸೀಮೆ ಕಿತ್ತುಕೊಳ್ಳುತ್ತಿದ್ದರೆಂದೂ ಬರೆದಿದ್ದಾನೆ. ಕುಸ್ತಿ, ಕುಣಿತ, ಬಾಣಬಿರುಸು ಎಲ್ಲ ಇತ್ತು, ನಿಜ. ಜೊತೆಗೆ ಯಾರು ಬಂದರು, ಯಾರು ಬರಲಿಲ್ಲ ಎಂಬ ಹಾಜರಿಯೂ ಆಗುತ್ತಿತ್ತು!

ಇದು ನಮ್ಮ ನಾಡಿನ ಪೇಚಾಟವಷ್ಟೇ ಅಲ್ಲ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಹತ್ತು ವರ್ಷದ ಹುಡುಗನಾಗಿದ್ದಾಗ, 1649ರ ಜನವರಿಯ ಒಂದು ರಾತ್ರಿ, ದಂಗೆಗೆ ಹೆದರಿ ತಾಯಿಯೊಂದಿಗೆ ಪ್ಯಾರಿಸ್ ಬಿಟ್ಟು ಹೋಗಬೇಕಾಯಿತು. ಆ ಭಯ ಅವನು ಮರೆಯಲಿಲ್ಲ. ದೊಡ್ಡವನಾಗಿ ವರ್ಸೇಲ್ಸ್‌ನಲ್ಲಿ ಭಾರಿ ಅರಮನೆ ಕಟ್ಟಿಸಿ, 1682ರಲ್ಲಿ ಆಸ್ಥಾನವನ್ನು ಅಲ್ಲಿಗೇ ಒಯ್ದ. ದೊಡ್ಡ ದೊಡ್ಡ ಜಹಗೀರುದಾರರು ಅಲ್ಲೇ ಕಣ್ಣೆದುರು ಇರುವಂತಾಯಿತು. ರಾಜ ಮಲಗಲು ಹೋಗುವಾಗ ಮೇಣದಬತ್ತಿ ಹಿಡಿಯುವುದೇ ಅವರಿಗೆ ದೊಡ್ಡ ಗೌರವ! ನಮ್ಮಲ್ಲಿ ಒಂಬತ್ತು ದಿನದ ಹಬ್ಬ ಮಾಡಿದ್ದನ್ನು ಅಲ್ಲಿ ವರ್ಷವಿಡೀ ಅರಮನೆ ಮಾಡುತ್ತಿತ್ತು.

ಆದರೆ ಹಬ್ಬದ ಕಟ್ಟು ಎಷ್ಟು ಗಟ್ಟಿ? 1565ರ ಜನವರಿಯಲ್ಲಿ ರಕ್ಕಸತಂಗಡಗಿ ಕಾಳಗದಲ್ಲಿ ಅಳಿಯ ರಾಮರಾಯ ಮಡಿದ. ಹಂಪಿ ಹಾಳಾಯಿತು, ರಾಜಧಾನಿ ಪೆನುಕೊಂಡೆಗೆ ಹೋಯಿತು. ಮೇಲಿನ ಹಿಡಿತ ಸಡಿಲವಾದಂತೆ ಕೆಳದಿ, ಮಧುರೆ, ತಂಜಾವೂರು, ಮೈಸೂರಿನವರು ತಾವೇ ಒಡೆಯರಾದರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದು, ಅಲ್ಲಿ ನವರಾತ್ರಿ ದರ್ಬಾರು ಆರಂಭಿಸಿದರು. ರಾಜ್ಯ ಚೂರಾಯಿತು, ಹಬ್ಬ ಮಾತ್ರ ಹೊಸ ಮನೆ ಹುಡುಕಿಕೊಂಡಿತು. ಅಜ್ಜ ಅಜ್ಜಿಯರು ನೋಡಿ ಬಂದ ಮೈಸೂರು ದಸರಾ ಅದೇ!

ಈ ಸಲ ರಜೆಯಲ್ಲಿ ಹೊಳೆ ದಾಟಿ ಮಹಾನವಮಿ ದಿಬ್ಬಕ್ಕೆ ಹೋಗಿ ಬನ್ನಿ. ಅದರ ಗೋಡೆಯ ಸುತ್ತ ಆನೆ, ಕುದುರೆ, ಕುಣಿಯುವವರು ಸಾಲುಸಾಲಾಗಿ ಸಾಗುತ್ತಿದ್ದಾರೆ. ಕುದುರೆಗಳನ್ನು ಎಣಿಸುತ್ತಾ ಹೋಗಿ. ಎಣಿಕೆ ತಪ್ಪಿದರೆ ಅಜ್ಜನನ್ನು ಕೇಳಿ. ರಾಜನಿಗೂ ಒಬ್ಬನಿಂದಲೇ ಎಲ್ಲ ಆಗುತ್ತಿರಲಿಲ್ಲ, ಅಲ್ಲವೇ?